ಕರಿ ಟೇಪು

ಅಲಾಬೆಲ್ ಘಾಟಿಯ ನೆತ್ತಿ ದಾಟಿ
ಸೂಸಮಿರ್ ಬಯಲಿಗೆ ಇಳಿಯುವಾಗ, ಮೂರನೇ ತಿರುವಿನಲ್ಲಿ,
ಸ್ಟಿಯರಿಂಗಿನ ಹಿಂದಿನಿಂದ ಏನೋ ಕಳಚಿ ಮಡಿಲಿಗೆ ಬಿತ್ತು.
ಉಗುರಿನಷ್ಟು ಕರಿ ಟೇಪು.
ಒಣಗಿ, ಅಂಚು ಸುರುಟಿ, ಸತ್ತ ನೊಣದ ಹಾಗೆ.

ಅದು ಬಿಟ್ಟುಹೋದ ಜಾಗದಲ್ಲಿ ಒಂದು ಕೆಂಪು ದೀಪ.
ದುಂಡಗೆ. ನಡುವೆ ನೆಟ್ಟಗೊಂದು ಗೆರೆ, ಅಡಿಯಲ್ಲಿ ಚುಕ್ಕಿ,
ಎರಡು ಪಕ್ಕಕ್ಕೂ ಅಂಗೈ ಅಡ್ಡ ಹಿಡಿದಂತೆ ಕಂಸ.
ಮೂವತ್ತೊಂದು ವರ್ಷ ಟೊಕ್ತೊಗುಲ್ ಶಾಲೆಯಲ್ಲಿ
ವ್ಯಾಕರಣ ಕಲಿಸಿದವಳು, ಚಿಹ್ನೆ ನನಗೆ ಗೊತ್ತು.
ಹಿಂದೆ ವಾಕ್ಯವೇ ಇಲ್ಲದೆ ಅದೊಂದೇ ನಿಂತದ್ದನ್ನು
ಅವತ್ತೇ ನೋಡಿದ್ದು.

ಪಕ್ಕದಲ್ಲಿ ಎಸೆನ್‌ಕುಲ್, ಎಡಗಣ್ಣಿಗೆ ಬಿಳಿ ಪಟ್ಟಿ.
ಪೊರೆ ತೆಗೆದು ಆರು ದಿನ. ಗಾಡಿ ಮುಟ್ಟಕೂಡದು ಅಂದಿದ್ದರು,
ಹಾಗಾಗಿ ಈ ಮುದಿ ಆಡಿ ಕಾರು ನನ್ನ ಕೈಗೆ ಬಂತು.
ಬಿಷ್ಕೆಕ್ಕಿನಲ್ಲಿ ಕಣ್ಣು ತೋರಿಸಿ
ಹಿಂದಿನ ಸೀಟಿನ ಜೇನು ಮಾರಿ ಬರುವುದು.

‘ಇದೇನು?’
‘ಯಾವುದು?’ ಕಿಟಕಿಯಾಚೆ ಕುದುರೆ ಎಣಿಸುತ್ತಿದ್ದ.
‘ಯಾವಾಗಿನಿಂದ?’
‘ಮೊನ್ನೆ ಮೊನ್ನೆ.’
‘ಮೊನ್ನೆ ಅಂದರೆ?’
‘ಏಪ್ರಿಕಾಟ್ ಹೂ ಬಿಟ್ಟಾಗ.’

ಈಗ ಸೆಪ್ಟೆಂಬರು.
ಮೊದಲು ಎಡಕ್ಕೆ ತಿರುಗಿದಾಗ ಮಾತ್ರ ಮಿನುಗುತ್ತಿತ್ತಂತೆ,
ಬಲಕ್ಕೆ ತಿರುಗಿದರೆ ಆರುತ್ತಿತ್ತಂತೆ.
ಡಬ್ಬಿಯೊಳಗೆ ಬ್ರೇಕಿನ ಎಣ್ಣೆ ತುಳುಕಿ
ತೇಲುವ ಬೆಂಡು ಮುಳುಗಿ ಎದ್ದು ಮುಳುಗಿ
ಅಂಜುತ್ತ ಅಂಜುತ್ತ ಹೇಳಿ ನೋಡಿದೆ, ಪಾಪ.
ಆಮೇಲೆ ಬಿಡದೆ ಉರಿಯಿತಂತೆ. ರಾತ್ರಿ ಕಣ್ಣಿಗೆ ಚುಚ್ಚಿತಂತೆ.
ಬೂದಿ ಮುಚ್ಚಿದ ಕೆಂಡವಾದರೂ ತಾನಾಗಿ ತಣಿಯುತ್ತದೆ,
ಇದು ಟೇಪು ಮುಚ್ಚಿದ್ದು.

ಹ್ಯಾಂಡ್‌ಬ್ರೇಕು ಅರೆ ಎದ್ದಿದ್ದರೂ ಇದೇ ದೀಪ ಹತ್ತುತ್ತದೆ.
ತಡವಿದೆ. ಅದು ಪೂರ್ತಿ ಮಲಗಿತ್ತು.
ಪೆಡಲಿನ ಮೇಲೆ ಕಾಲಿಟ್ಟೆ,
ನಾದಿದ ಹಿಟ್ಟು ತುಳಿದಂತೆ ಮೆತ್ತಗೆ
ಕೆಳಗೆ, ಇನ್ನೂ ಕೆಳಗೆ.
ಬಿಟ್ಟು ಒತ್ತಿದೆ, ಬಿಟ್ಟು ಒತ್ತಿದೆ, ಸ್ವಲ್ಪ ಗಟ್ಟಿಯಾಯಿತು.
ಮೂರನೇ ಗೇರು, ಎರಡನೇ ಗೇರು.
ಎಂಜಿನ್ನು ಗೂಳಿಯ ಹಾಗೆ ಗುಟುರು ಹಾಕಿತು,
ಸೀಸೆಗಳು ಹಲ್ಲು ಕಡಿದವು,
ಎಸೆನ್‌ಕುಲ್ ಜನ್ಮದಲ್ಲಿ ಮೊದಲ ಬಾರಿ ಬೆಲ್ಟು ಹುಡುಕಿದ.
ಕುಮಿಸ್ ಮಾರುವ ಬಿಳಿ ಡೇರೆಯ ಎದುರು, ಜಲ್ಲಿಯ ಮೇಲೆ,
ಹ್ಯಾಂಡ್‌ಬ್ರೇಕನ್ನು ಹಲ್ಲು ಹಲ್ಲಾಗಿ ಎತ್ತಿ
ನಿಂತೆವು.

ಚಕ್ರಕ್ಕೆ ಕಲ್ಲು ಕೊಟ್ಟು ಬಾನೆಟ್ ಎತ್ತಿದೆ.
ಡಬ್ಬಿಯ ಮೇಲೆ ಎರಡು ಗೆರೆ;
ಎಣ್ಣೆ ಕೆಳಗಿನ ಗೆರೆಗಿಂತ ಒಂದು ಬೆರಳು ಕೆಳಗೆ,
ಚಹಾದ ತಳದ ಬಣ್ಣ.
ಹಿಂದಿನ ಎಡಚಕ್ರದ ಒಳಮೈ ಒದ್ದೆ, ಒದ್ದೆಗೆ ಧೂಳು ಮೆತ್ತಿ ಕೆಸರು.
‘ನೀರು ಹಾಕಿದರೆ?’ ಅಂದ ಎಸೆನ್‌ಕುಲ್.
ನಾನು ನೋಡಿದೆ.
‘ಸೂರ್ಯಕಾಂತಿ ಎಣ್ಣೆ?’
ಇನ್ನೂ ನೋಡಿದೆ. ಒಂದೇ ಕಣ್ಣು ಮಿಟುಕಿಸಿದ.

ಕುದುರೆ ಸಾಗಿಸುವ ಖಾಲಿ ಲಾರಿ ನಿಲ್ಲಿಸಿದವನು ತಾಬಾಲ್ದಿ,
ಮೊಮ್ಮಗನ ವಯಸ್ಸು, ಮಾತಿಗೆ ಮಾತ್ರ ಮುಪ್ಪು.
ಚಕ್ರದ ಒಳಗೆ ಬೆರಳಾಡಿಸಿ, ಮೂಸಿ,
‘ಅಜ್ಜಿ, ನನ್ನ ಹತ್ತಿರ ಅರ್ಧ ಬಾಟಲಿ ಇದೆ, ಸುರಿಯಬಹುದು.
ಸುರಿದರೆ ದೀಪ ಆರುತ್ತೆ.
ಸೋರೋದು ನಿಲ್ಲಲ್ಲ.’

ದಿಬ್ಬಕ್ಕೆ ಲಾರಿಯ ಬೆನ್ನು ಕೊಟ್ಟು
ಡೇರೆಯವರೆಲ್ಲ ಸೇರಿ ಕಾರನ್ನು ಬಾಲ ಮುಂದಾಗಿ ತಳ್ಳಿ ಹತ್ತಿಸಿದರು.
ಲದ್ದಿಯ ವಾಸನೆಯ ಹಲಗೆ ಮೇಲೆ, ನಾಲ್ಕು ಕಡೆ ಹಗ್ಗ,
ಅದು ಮಾರಾಟಕ್ಕೆ ಹೊರಟ ಹೆಣ್ಣುಕುದುರೆಯಂತೆ ತಲೆ ತಗ್ಗಿಸಿತು.
ನಾವು ಮೂವರು ಮುಂದೆ. ಗಂಡನ ತೊಡೆಯ ಮೇಲೆ
ಮುಚ್ಚಳ ಬಿರಿದ ಒಂದು ಜೇನಿನ ಸೀಸೆ.
ಬಿರುಕಿಗೆ ಅವನು ಜೇಬಿನಿಂದ ತೆಗೆದು ಅಂಟಿಸಿದ್ದು
ಅದೇ ಕರಿ ಟೇಪು. ಯಾವಾಗ ಎತ್ತಿಕೊಂಡನೋ.
ಅಂಟಲಿಲ್ಲ. ಹೆಬ್ಬೆಟ್ಟಿನಿಂದ ಒತ್ತಿ ಹಿಡಿದು ಕೂತ.

ತೊ-ಅಶೂ ಸುರಂಗದ ಕತ್ತಲಲ್ಲಿ
ಬೆನ್ನ ಹಿಂದಿನ ಗಾಜಿನಿಂದ ತಿರುಗಿ ನೋಡಿದೆ.
ಕೀಲಿ ತೆಗೆಯಲು ಮರೆತಿದ್ದೆ.
ಸೀಸೆಗಳ ಸಂದಿಯಲ್ಲಿ, ಜೇನಿನ ಆಚೆ,
ಕೆಂಪಗೆ ಅದು ಉರಿಯುತ್ತಲೇ ಇತ್ತು.
‘ಬ್ಯಾಟರಿ ಹೋಗುತ್ತೆ’ ಅಂದ.
‘ಹೋಗಲಿ’ ಅಂದೆ.