ಮೂವತ್ತೆರಡು ತೊಟ್ಟಿಲು

ಖಣದ ಅರಿವಿಗೆ ಮ್ಯಾಲ, ಕೆಳಗ ಅಂತ ಇರತೈತಿ.
ಇದು ನಮ್ಮೂರ ಸಣ್ಣ ಹುಡುಗರಿಗೂ ಗೊತ್ತು.
ಗುಳೇದಗುಡ್ಡದ ಕುಣಿಮಗ್ಗದಾಗ ಕಾಲು ಇಳಿಬಿಟ್ಟು
ನಮ್ಮಪ್ಪ ನೇಯತಿದ್ದದ್ದು ನಾಕು ಥರದ ಹೂವು,
ಐದನೇದು ತೊಟ್ಟಿಲು:
ಮ್ಯಾಲ ಎರಡು ಹಗ್ಗ,
ಕೆಳಗ ದೋಣಿಯಂಥಾ ಒಂದು ಗೆರಿ,
ಒಳಗ ಒಂದು ಚುಕ್ಕಿ.
ಆ ಚುಕ್ಕಿನೇ ಕೂಸು.

ನಾ ನೇಯಲಿಲ್ಲ. ಕತ್ತರಿ ಹಿಡದೆ.
ಪುಣೆಕ್ಕ ಬಂದು ಇಪ್ಪತ್ತಾರು ವರ್ಷ,
ರವಿವಾರ ಪೇಠೆಯ ಎರಡನೇ ಮಾಳಿಗಿ,
ಏಣಿಯಂಥಾ ಕಟ್ಟಿಗಿ ಮೆಟ್ಟಲಾ,
ನಳದ ನೀರು ಆರರಿಂದ ಏಳು.
ಎಲ್ಲಾರೂ ನನಗ ಮಾಸ್ಟರ್ ಅಂತಾರ.
ಈರಸಂಗಪ್ಪ ಅಂಬೂ ಹೆಸರು
ಬ್ಯಾಂಕಿನವ್ರಿಗೆ ಗೊತ್ತು, ಹೆಂಡತಿಗೆ ಗೊತ್ತು.
ಹೆಂಡತಿ ಕರಿಯೂದಿಲ್ಲ.

ಋಜುತಾ ಬಂದದ್ದು ಶ್ರಾವಣದಾಗ.
ಮೂಗಿಗೆ ನತ್ತು, ಕಾಲಿಗೆ ಗಂಡಸರ ಬೂಟು,
ತಲಿ ಅರ್ಧ ಬೋಳು, ಅರ್ಧ ಜಡಿ.
"ಅಂಗಡಿಗಲ್ಲ ಮಾಸ್ಟರ್, ಮಾಲ್‌ಗಲ್ಲ,
ನಾವು ನಾವಽ ಮಾಡೂ ಶೋ. ರೊಕ್ಕ ಕಮ್ಮಿ."
ರೊಕ್ಕ ಕಮ್ಮಿ ಅಂತ ಮೊದಲಽ ಹೇಳಿದ ಗಿರಾಕಿ
ಇಷ್ಟು ವರ್ಷದಾಗ ಆಕಿ ಒಬ್ಬಾಕಿ.

ರವಿಕಿ ಅರಿವಿಲೆ ಕೋಟು, ಮೊಣಕಾಲತನಕ!
ನಾ ನಗಲಿಲ್ಲ.
ಹದಿನೆಂಟು ತುಂಡು ಅಂಚಿಗೆ ಅಂಚು ಕೂಡಿಸಿದೆ.
ಕರೆಂಟು ಹೋತು, ಬಂತು, ಮತ್ತ ಹೋತು.
ಮೇಣಬತ್ತಿ ಹಚ್ಚಿ ಬೆನ್ನಿನ ಪಾಟು ಕೊಯ್ದೆ.

ಮುಂಜಾನೆ ಬೆಳಕಿನಾಗ ನೋಡತೀನಿ,
ಬೆನ್ನ ತುಂಬ ತೊಟ್ಟಿಲು ತಲಿಕೆಳಗ.
ಎಣಿಸಿದೆ. ಮೂವತ್ತೆರಡು.
ಮೂವತ್ತೆರಡು ಕೂಸು ಎಲ್ಲಿ ಬಿದ್ದಾವೋ.

ಅರಿವಿ ಉಳದಿರಲಿಲ್ಲ, ದಿನಾ ಉಳದಿರಲಿಲ್ಲ,
ಹೇಳೂಣು ಅಂದ್ರ ಬಾಯಿ ಬರಲಿಲ್ಲ.
ಆಕಿ ಕೋಟು ಬಿಚ್ಚಿದಳು, ತಿರಿವಿದಳು,
ಮೇಜಿನ ಮ್ಯಾಲ ಹಾಸಿ ಭಾಳೊತ್ತು ಸುಮ್ಮನಿದ್ದಳು.
ಆಮ್ಯಾಲ ಮೆಲ್ಲಕ, ಮರಾಠಿಯಾಗ,
"ಇದು ನಿಮಗ ಹೆಂಗ ಹೊಳೀತು?"

ಶೋ ಆದದ್ದು ಕಸಬಾ ಪೇಠೆಯ ಮುಚ್ಚಿದ ಛಾಪಖಾನೆಯಾಗ.
ಅಚ್ಚಿನ ಮೊಳೆ ಇಡೂ ಖಾನೆ ಇನ್ನೂ ಗ್ವಾಡಿಗೆ ಇದ್ದವು,
ಒಂದೊಂದರಾಗ ಯಾರೋ ಮಾಡಿದ ಮಣ್ಣಿನ ಕಿವಿಯೋಲೆ,
ಪೆನ್ಸಿಲಿಲೆ ಬರದ ಬೆಲೆಚೀಟಿ.
ಹಳೇ ಶಾಯಿ ವಾಸನಿ, ಹೊಸ ಅತ್ತರು.
ನಡದವರು ಯಾರು?
ಈಜು ಕಲಿಸೂ ಅಗಲ ಭುಜದ ಒಬ್ಬಾಕಿ,
ಅಂಚೆ ಕಚೇರಿಯಿಂದ ರಿಟೈರ್ ಆದ ಕುಮುದಿನಿ ಬಾಯಿ,
ಚಿತ್ರಶಾಲೆ ಹುಡುಗ, ಕಾಡಿಗಿ ಹಚ್ಚಿ, ಸೀರಿ ಉಟ್ಟು.
ಆ ನಿರಿಗಿ ನನ್ನ ಹೆಂಡತಿ ನಿರಿಗಿಗಿಂತ ಚಂದ.
ಇದನ್ನ ಮನಿಯಾಗ ಹೇಳಿಲ್ಲ.

ಕೋಟು ಸಿಕ್ಕದ್ದು ಕುಮುದಿನಿ ಬಾಯಿಗೆ.
ನಾ ಕಂಬದ ಮರಿಗೆ ನಿಂತಿದ್ದೆ, ಕೈಯಾಗ ಸೂಜಿ.
ಬಂದಳು. ಚಿತ್ರ ತಗಿಯವ್ರ ಕಡೆ ನೋಡಲಿಲ್ಲ,
ಟಪಾಲು ಕೊಡಲಾಕ ಹೊಂಟವರಂಗ ನಡದಳು.
ತಿರುಗಿದಳು.
ಅರವತ್ತೊಂದು ವರ್ಷದ ಬಾಗಿದ ಬೆನ್ನು,
ಅದರ ಮ್ಯಾಲ ತೊಟ್ಟಿಲೆಲ್ಲಾ ಛತ್ರಿ ಆಗಿದ್ದವು!
ಹಗ್ಗ ಎರಡೂ ಮಳಿಯಂಗ ಕೆಳಗ ಇಳಿದು,
ನಟ್ಟನಡುವ ಆ ಚುಕ್ಕಿ
ತೊಯ್ಯದಽ ನಿಂತಿತ್ತು.
ಮೂವತ್ತೆರಡೂ.

ಚಂದ ಅನ್ನೂದು ಯಾರ ಕೈಯಾಗ ಐತೋ
ನಾ ಹೇಳಲಾರೆ. ಮೇಣಬತ್ತಿ ಕೈಯಾಗ ಇದ್ದೀತು.

ಈಗ ನೋಡ್ರಿ ನನ್ನ ಫಜೀತಿ.
ಹನ್ನೆರಡು ಕೋಟಿಗೆ ಆರ್ಡರ್ ಬಂದೈತಿ,
ಎಲ್ಲಾರಿಗೂ ಹಂಗಽ ಬೇಕು, ಚುಕ್ಕಿಗೆ ಚುಕ್ಕಿ.
ಹಾಡಹಗಲು, ಟ್ಯೂಬ್‌ಲೈಟ್ ಉರಿಯಾಕತ್ತೈತಿ,
ಅರಿವಿ ತಿರಿವಿ ಹಾಸತೀನಿ,
ಕತ್ತರಿ ಹಿಡದ ಕೈ ಸೆಟದು ನಿಲ್ಲತೈತಿ.
ಮಣಿಕಟ್ಟಿನಾಗ ನಮ್ಮಪ್ಪ ಕುಂತಾನ, ಏಳವಲ್ಲ.
ಮೊದಲಿನ ತಪ್ಪು ತಾನಽ ಆತು, ಪುಗಸಟ್ಟೆ.
ಬೇಕಂತ ಮಾಡೂ ತಪ್ಪಿಗೆ
ಕೂಲಿ ಜಾಸ್ತಿ ಕೇಳಬೇಕೇನು?

ಆರು ಮುಗಿಸೀನಿ ಹೆಂಗರ ಮಾಡಿ.
ಏಳನೇದು ನಿನ್ನೆ ರಾತ್ರಿ ಕೊಯ್ದೆ, ನಿದ್ದಿಗಣ್ಣಾಗ.
ಮುಂಜಾನೆ ನೋಡಿದರ
ಎಲ್ಲಾ ತೊಟ್ಟಿಲೂ ನೆಟ್ಟಗ ನಿಂತಾವ,
ಕೂಸು ಒಳಗ ಮಲಗ್ಯಾವ.

ಋಜುತಾಗ ಫೋನು ಹಚ್ಚಬೇಕು:
ಬಾಯೀ, ಒಂದು ತಪ್ಪಾಗೈತಿ.