ಪರೀಕ್ಷೆಗೆ ಇಲ್ಲ

ಹಂಪಿನಗರದ ಗ್ರಂಥಾಲಯ, ಮಾರ್ಚಿ, ಮಧ್ಯಾಹ್ನ ಮೂರು.
ಫ್ಯಾನು ತಿರುಗಿದಂತೆ ಮಾಡುತ್ತಿದೆ.
ಹಳಗನ್ನಡದ ವಸಂತ ಮುಂದೆ, ಅರ್ಥಕೋಶ ಪಕ್ಕಕ್ಕೆ,
ಪದಕ್ಕೊಮ್ಮೆ ಎಡವುತ್ತ ನಾನು.

ಅಂಚಿನಲ್ಲಿ ಪೆನ್ಸಿಲು: "ಪರೀಕ್ಷೆಗೆ ಇಲ್ಲ."
ಕೆಳಗೆ ಅಂಬುಜಾಕ್ಷಿ ಟಿ.ಎಸ್., ದ್ವಿತೀಯ ಬಿ.ಎ.
ಮಾವು ಚಿಗುರಿದ್ದು, ತೆಂಕಣ ಗಾಳಿ ಬಂದದ್ದು,
ಕೋಗಿಲೆ, ದುಂಬಿ ಸಮೇತ ಇಪ್ಪತ್ತೆರಡು ಪದ್ಯಕ್ಕೆ
ಒಂದೇ ಅಡ್ಡಗೀಟು.

ಆ ಗೀಟಿನಡಿಯಲ್ಲೇ ಓದಿದೆ.
ಕವಿಯ ಗಾಳಿ ಗಂಧದ ಬೆಟ್ಟ ಹಾದು ಬಂದಿತ್ತು,
ನನ್ನದು ವೃಷಭಾವತಿ ಹಾದು.
ಮೂಗು ಮುಚ್ಚಿಕೊಂಡೇ ನಕ್ಕೆ:
ಬರುವುದಂತೂ ಬಂದಿದೆ.

ಕಿಟಕಿಯಾಚೆ
ಟ್ರಾನ್ಸ್‌ಫಾರ್ಮರಿನ ಬೇಲಿಗೆ ಒರಗಿದ ಹೊಂಗೆ,
ಮೊನ್ನೆ ಬೋಳು, ಇವತ್ತು
ಎಣ್ಣೆ ಸವರಿದಂತೆ ಹೊಳೆಯುವ ಎಳೆಹಸಿರು.
ಅಷ್ಟೆಲ್ಲ ಮರ ಹೆಸರಿಸಿದವನು
ಹೊಂಗೆಯನ್ನು ಯಾಕೋ ಬಿಟ್ಟಿದ್ದಾನೆ.
ಪುಟ ತಿರುವಿ ಮತ್ತೆ ನೋಡಿದೆ.
ಇಲ್ಲ.

ನಾಲ್ಕು ತಿಂಗಳಿಂದ ಒಂದು ಸಾಲೂ ಬರೆಯದವಳು
ಕರೆಂಟು ಬಿಲ್ಲಿನ ಬೆನ್ನ ಮೇಲೆ
'ಹೊಂಗೆ' ಅಂತ ಬರೆದೆ.
ಆಮೇಲೆ 'ಮೊನ್ನೆ ಬೋಳು.'
ಆಮೇಲೆ ಕೈ ನಿಲ್ಲಲಿಲ್ಲ;
ಬಿಲ್ಲಿನ ಮೊತ್ತದ ಮೇಲೂ ಎಲೆ ಬಿತ್ತು.

ಐದಕ್ಕೆ ಬಾಗಿಲು ಹಾಕುತ್ತಾರೆ, ಎದ್ದೆ.
ಚೀಲದಲ್ಲಿ ರಬ್ಬರಿತ್ತು.
ಅಂಬುಜಾಕ್ಷಿಯ ಗೀಟು ಅಳಿಸಲಿಲ್ಲ.