ಎರಡು ಕೆ.ಬಿ. ಆನೆ

ಸಿದ್ದಾಪುರದ ನನ್ನ ಅಂಗಡಿಗೆ ಬರುವುದು
ತೂಕ ತಪ್ಪಿದ ತಕ್ಕಡಿಗಳು,
ಕಾಫಿ ಹೊಟ್ಟು ಹೊಕ್ಕವು, ಇರುವೆ ಮನೆ ಮಾಡಿದವು.
ರಿಪೇರಿಗೂ ಒಲ್ಲದ ಒಂದನ್ನು
ರೈಟರ್ ಬೆಳ್ಯಪ್ಪ ಬಿಟ್ಟೇ ಹೋದರು.

ಬಿಚ್ಚಿದೆ. ಒಂದೇ ಚಿಪ್, ಎರಡು ಕೆ.ಬಿ. ನೆನಪು,
ಬೆಂಕಿಪೊಟ್ಟಣದಷ್ಟು ಹಸಿರು ಪರದೆ,
ಸೊನ್ನೆ ಮಾಡುವ ಗುಂಡಿ, ಪಾತ್ರೆಯ ತೂಕ ಕಳೆಯುವ ಗುಂಡಿ.
ಒಂದು ಎಡಕ್ಕಾಯಿತು, ಒಂದು ಬಲಕ್ಕೆ.

ಆಟ ಇಷ್ಟೇ: ಆನೆ ತೋಟ ದಾಟಬೇಕು,
ಹಲಸು ತಿನ್ನಬಹುದು, ತಂತಿ ಮುಟ್ಟಬಾರದು.
ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರ;
ಪಕ್ಕದ ಮನೆ ರಂಗೋಲಿಗೂ ಇದಕ್ಕಿಂತ ಹೆಚ್ಚು.
ಸೊಂಡಿಲು ಬಂತು. ಬಾಲಕ್ಕೆ ಒಂದು ಚುಕ್ಕಿ.
ದಂತಕ್ಕೆ ಜಾಗವಿಲ್ಲ.
‘ಒಳ್ಳೇದೇ ಆಯ್ತು’ ಅಂದಳು ನಸೀಬಾ, ಚಹಾ ಇಡುತ್ತ,
‘ದಂತ ಇಲ್ಲದ್ದು ಜಾಸ್ತಿ ದಿನ ಬದುಕುತ್ತೆ.’

ನನ್ನ ಫೋನಿನೊಳಗೆ ಯಾರ‍್ಯಾರಿದ್ದಾರೋ ತಿಳಿಯದು,
ರಾತ್ರಿಯಿಡೀ ಏನೋ ಬರುತ್ತದೆ, ಏನೋ ಹೋಗುತ್ತದೆ.
ಇಲ್ಲಿ ಹಾಗಲ್ಲ,
ಕರೆಂಟು ಹೋದ ಹೊತ್ತು ನಮ್ಮ ಮನೆ ಮೆಟ್ಟಿಲಂತೆ
ಎಣಿಸದೆ ಇಳಿಯಬಲ್ಲೆ.

ಕೊನೆಗೆ ಹನ್ನೊಂದು ಬೈಟ್ ಮಿಕ್ಕವು.
ಎಲ್ಲಿ ಖರ್ಚು ಮಾಡಲೆಂದು ಮೂರು ದಿನ ಯೋಚಿಸಿದೆ,
ಬೋನಸ್ ಬಂದವನಂತೆ.
ಈಗ ಗೆದ್ದರೆ ಆನೆ ಕಿವಿ ಬೀಸುತ್ತದೆ,
ಒಂದೇ ಸಲ.

ತಕ್ಕಡಿ ಏನಾಯಿತೆಂದು ಕೇಳಲು ಬಂದ ಬೆಳ್ಯಪ್ಪ
ನಿಂತೇ ಆಡುತ್ತಿದ್ದಾರೆ; ಅಮ್ಮತ್ತಿ ಬಸ್ಸು ಹೋಯಿತು.
ರಸ್ತೆಯಲ್ಲಿ ಅರಣ್ಯದವರ ಜೀಪು, ಮೈಕಿನಲ್ಲಿ:
ಆನೆ ಇದೆ, ಯಾರೂ ಹೊರಗೆ ಬರಬೇಡಿ.
‘ತಡಿ ಮಾರಾಯ’ ಎಂದರು
ಪರದೆಯಿಂದ ಕಣ್ಣು ಕೀಳದೆ,
‘ಇದೊಂದು ದಾಟಲಿ.’